ಆಲ್ಡಿಗೂ ಕಾಸಾಗೂ ಏನು ನಂಟು?

ವಾಷಿಂಗ್ಟನ್ನಿನಿಂದ ಪಶ್ಚಿಮಕ್ಕೆ ಹೊರಟು ಡಲ್ಲೆಸ್ ವಿಮಾನ ನಿಲ್ದಾಣ ದಾಟಿದರೆ ವರ್ಜೀನಿಯಾದ ಲೌಡನ್ ಕೌಂಟಿಯಲ್ಲಿ ಆಲ್ಡಿ ಸಿಗುತ್ತದೆ. ಇನ್ನೂರು ವರ್ಷ ಹಳೆಯದಾದ ಹಿಟ್ಟಿನ ಗಿರಣಿಯೊಂದು ಆ ಊರಿನ ಗುರುತು. ಈಗ ಅದೇ ಹೆಸರಿನ ಅಂಚೆ ವಿಳಾಸದಲ್ಲಿ ಹೊಸ ಬಡಾವಣೆಗಳು ಎದ್ದಿವೆ. ಅಲ್ಲಿಂದ ಆಶ್‌ಬರ್ನ್, ಹರ್ನ್‌ಡನ್, ರೆಸ್ಟನ್ ಕಡೆಯ ಕಚೇರಿಗಳಿಗೆ ಹೋಗಿಬರುವ ಸಾಫ್ಟ್‌ವೇರ್ ಕುಟುಂಬಗಳಲ್ಲಿ ಕನ್ನಡಿಗರೂ ಇದ್ದಾರೆ. ಯುಗಾದಿ, ರಾಜ್ಯೋತ್ಸವಕ್ಕೆ ಅವರನ್ನು ಒಂದುಗೂಡಿಸಲು ಕಾವೇರಿ ಕನ್ನಡ ಸಂಘವಿದೆ. ಪೊಟೊಮ್ಯಾಕ್ ನದಿಯ ಆಚೆ, ಮೇರಿಲ್ಯಾಂಡಿನ ಲ್ಯಾಂಗ್ಲಿ ಪಾರ್ಕ್ ಕಡೆ ಇನ್ನೊಂದು ಬಗೆಯ ಸಂಘವಿದೆ. ಅದರ ಹೆಸರು ಕಾಸಾ. ಮಧ್ಯ ಅಮೆರಿಕದ ಯುದ್ಧಗಳಿಂದ ಓಡಿಬಂದವರಿಗೆ ಆಸರೆಯಾಗಲು 1985ರಲ್ಲಿ ಟಕೋಮಾ ಪಾರ್ಕಿನ ಚರ್ಚೊಂದರಲ್ಲಿ ಹುಟ್ಟಿದ ಅದು, ದಿನಗೂಲಿಯವರು, ಮನೆಗೆಲಸದವರು, ಕಟ್ಟಡ ಕಾರ್ಮಿಕರನ್ನು ಸಂಘಟಿಸುತ್ತ ಬೆಳೆದಿದೆ. ಅದರ ಸದಸ್ಯರಲ್ಲಿ ಕಾಗದಪತ್ರವಿಲ್ಲದವರೂ ಇದ್ದಾರೆ. ಆಲ್ಡಿಯವರ ಸಂಬಳ, ಓದು, ಭಾಷೆ, ವೀಸಾ, ಯಾವುದರಲ್ಲೂ ಲ್ಯಾಂಗ್ಲಿ ಪಾರ್ಕಿನವರೊಡನೆ ಹೋಲಿಕೆಯಿಲ್ಲ. ಒಬ್ಬರ ಮನೆಯ ಹುಲ್ಲು ಕತ್ತರಿಸಲು ಇನ್ನೊಬ್ಬರು ಬರುತ್ತಾರೆ ಎಂಬುದನ್ನು ಬಿಟ್ಟರೆ ಇಬ್ಬರ ನಡುವೆ ನಂಟೇ ಇಲ್ಲವೆಂದು ಯಾರಿಗಾದರೂ ಅನ್ನಿಸೀತು.

2025ರ ಜನವರಿ 20ರಂದು ಹೊರಬಿದ್ದ ಒಂದು ಆದೇಶ ಆ ನಂಟನ್ನು ಬಯಲಿಗೆ ತಂದಿತು. ಅಮೆರಿಕದ ನೆಲದಲ್ಲಿ ಹುಟ್ಟಿದ ಮಗು ಅಮೆರಿಕದ ಪ್ರಜೆ ಎಂಬ ನಿಯಮಕ್ಕೆ ಅಧ್ಯಕ್ಷ ಟ್ರಂಪ್ ಹಾಕಲು ಹೊರಟ ಕತ್ತರಿ ಅದು. ತಾಯಿ ಅಕ್ರಮವಾಗಿ ನೆಲೆಸಿದ್ದು, ತಂದೆ ಪ್ರಜೆಯೋ ಗ್ರೀನ್ ಕಾರ್ಡ್‌ದಾರನೋ ಆಗಿರದಿದ್ದರೆ ಮಗುವಿಗೆ ಪೌರತ್ವವಿಲ್ಲ ಎಂದಿತು ಮೊದಲ ಷರತ್ತು. ತಾಯಿ ಕಾನೂನುಬದ್ಧವಾಗಿಯೇ ಇದ್ದರೂ ತಾತ್ಕಾಲಿಕ ವೀಸಾದಲ್ಲಿದ್ದರೆ, ತಂದೆ ಪ್ರಜೆಯೋ ಗ್ರೀನ್ ಕಾರ್ಡ್‌ದಾರನೋ ಆಗಿರದಿದ್ದರೆ, ಆ ಮಗುವಿಗೂ ಇಲ್ಲ ಎಂದಿತು ಎರಡನೆಯದು. ಎಚ್-1ಬಿ ಉದ್ಯೋಗ ವೀಸಾ, ಸಂಗಾತಿಯ ಎಚ್-4 ವೀಸಾದಲ್ಲಿರುವ ಗಂಡ ಹೆಂಡತಿ ನೇರವಾಗಿ ಈ ಎರಡನೆಯ ಷರತ್ತಿಗೆ ಸಿಕ್ಕಿಬೀಳುತ್ತಾರೆ. ಆದೇಶ ಬಂದ ಮರುದಿನವೇ ಮೇರಿಲ್ಯಾಂಡಿನ ಫೆಡರಲ್ ನ್ಯಾಯಾಲಯದ ಬಾಗಿಲು ತಟ್ಟಿದವರಲ್ಲಿ ಕಾಸಾ ಇತ್ತು. ಜೊತೆಗೆ ಆಶ್ರಯ ಕೋರಿ ಬಂದವರ ಸಂಘಟನೆ ಇತ್ತು, ಹೆಸರು ಮರೆಮಾಡಿಕೊಂಡ ಗರ್ಭಿಣಿಯರಿದ್ದರು. ಫೆಬ್ರುವರಿ 5ರಂದು ನ್ಯಾಯಾಧೀಶೆ ಡೆಬೊರಾ ಬೋರ್ಡ್‌ಮನ್ ಕೊಟ್ಟ ತಡೆಯಾಜ್ಞೆ ದೇಶವಿಡೀ ಅನ್ವಯವಾಯಿತು. ಜೂನ್ 27ರಂದು ಸುಪ್ರೀಂ ಕೋರ್ಟು ಇಂಥ ದೇಶವ್ಯಾಪಿ ತಡೆಯಾಜ್ಞೆಗಳಿಗೆ ಮಿತಿ ಹಾಕಿದಾಗ ಆ ತೀರ್ಪಿಗೆ ಬಂದ ಹೆಸರು ‘ಟ್ರಂಪ್ ವರ್ಸಸ್ ಕಾಸಾ’. ಸಂಘಟನೆಗಳು ಅಷ್ಟಕ್ಕೆ ಕೈಚೆಲ್ಲದೆ, ಬಾಧಿತ ಮಕ್ಕಳೆಲ್ಲರ ಪರವಾಗಿ ಒಟ್ಟು ಮೊಕದ್ದಮೆ ಹೂಡುವ ದಾರಿ ಹಿಡಿದು ಮತ್ತೆ ತಡೆ ತಂದವು. ಮೂಲ ಪ್ರಶ್ನೆಯನ್ನೇ ವಿಚಾರಿಸಲು ಸುಪ್ರೀಂ ಕೋರ್ಟು 2025ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಅಷ್ಟು ತಿಂಗಳೂ ಲೌಡನ್ನಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಕನ್ನಡದ ಕೂಸುಗಳ ಪೌರತ್ವ ಉಳಿದದ್ದರಲ್ಲಿ ಲ್ಯಾಂಗ್ಲಿ ಪಾರ್ಕಿನ ಕೂಲಿಕಾರರ ಸಂಘಕ್ಕೂ ಪಾಲಿದೆ.

ಅಮೆರಿಕದ ಕನ್ನಡಿಗರು ಇದನ್ನು ಒಂದು ಆಕಸ್ಮಿಕ ಉಪಕಾರವೆಂದು ಮರೆತುಬಿಡಬಾರದು. ಆ ದೇಶದಲ್ಲಿ ಭಾರತೀಯರಿಗೆ ಬಾಗಿಲು ತೆರೆದ, ಮುಚ್ಚಿದ ಪ್ರತಿಯೊಂದು ಘಟ್ಟವನ್ನು ನೋಡಿದರೂ ಒಂದು ಸಂಗತಿ ಎದ್ದು ಕಾಣುತ್ತದೆ: ‘ನಾವು ಬೇರೆಯವರಂತಲ್ಲ’ ಎಂದು ಒಂಟಿಯಾಗಿ ಕೇಳಿಕೊಂಡಾಗ ನಮಗೆ ಸಿಕ್ಕಿದ್ದು ಸಣ್ಣಪುಟ್ಟ ಪರಿಹಾರ, ಇತರ ವಲಸಿಗರ ಜೊತೆ ಸೇರಿದಾಗ, ಅಥವಾ ಇತರರ ಹೋರಾಟದ ಫಲ ನಮಗೂ ದಕ್ಕಿದಾಗ, ಕಾನೂನೇ ಬದಲಾಗಿದೆ. ಆದ್ದರಿಂದ ಕನ್ನಡ ಕೂಟಗಳು ವಲಸಿಗರ ಹಕ್ಕಿನ ಒಕ್ಕೂಟಗಳಿಂದ ದೂರ ನಿಲ್ಲುವುದರಲ್ಲಿ ಜಾಣತನವಿಲ್ಲ.

ಮೊದಲು ನಮ್ಮವರ ಸಂಕಟವೇನೆಂದು ನೋಡೋಣ. ಉದ್ಯೋಗದ ಆಧಾರದ ಮೇಲೆ ಅಮೆರಿಕ ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡ್‌ಗಳು ಸುಮಾರು 1,40,000. ಈ ಸಂಖ್ಯೆ 1990ರ ಕಾಯಿದೆಯದು. ಇಂಟರ್‌ನೆಟ್ ಮನೆಮನೆಗೆ ಬರುವ ಮುನ್ನ ಗೊತ್ತುಮಾಡಿದ್ದು ಇಂದಿಗೂ ಹಾಗೇ ಇದೆ. ಕೆಲಸಗಾರನ ಹೆಂಡತಿ ಮಕ್ಕಳೂ ಇದೇ ಲೆಕ್ಕದಲ್ಲಿ ಸೇರುತ್ತಾರೆ. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಶೇ. 7ಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬ ಮಿತಿ ಬೇರೆ. ನೂರನಲವತ್ತು ಕೋಟಿ ಜನರ ಭಾರತಕ್ಕೂ ನಾಲ್ಕು ಲಕ್ಷದಷ್ಟು ಜನರ ಐಸ್‌ಲ್ಯಾಂಡಿಗೂ ಒಂದೇ ಮಿತಿ. ಎಚ್-1ಬಿ ವೀಸಾಕ್ಕಾದರೋ ದೇಶವಾರು ಮಿತಿಯಿಲ್ಲ, ಮಂಜೂರಾಗುವವುಗಳಲ್ಲಿ ಶೇ. 70ಕ್ಕೂ ಹೆಚ್ಚು ಭಾರತೀಯರ ಪಾಲು. ಒಳಗೆ ಬರುವ ಬಾಗಿಲು ಅಗಲ, ನೆಲೆಯಾಗುವ ಬಾಗಿಲು ಕಿರಿದು. ಹೀಗಾಗಿ ಸಾಲು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಲೇ ಹೋಗಿದೆ. 2025ರ ಕೊನೆಯ ವೀಸಾ ಬುಲೆಟಿನ್ನುಗಳಲ್ಲಿ, ಇಬಿ-2 ಎಂಬ ಉದ್ಯೋಗ ವರ್ಗದ ಭಾರತೀಯರ ಪೈಕಿ ಸರದಿ ಬಂದಿದ್ದು 2013ರ ‘ಪ್ರಯಾರಿಟಿ ಡೇಟ್’ (ಸಾಲಿಗೆ ಸೇರಿದ ದಿನ) ಉಳ್ಳವರಿಗೆ. ಮುಕ್ತ ಮಾರುಕಟ್ಟೆಯ ಪರವಾದ ಕೇಟೊ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿದಂತೆ ಈ ಸಾಲಿನಲ್ಲಿ ಒಟ್ಟು 18 ಲಕ್ಷ ಅರ್ಜಿಗಳಿದ್ದವು, ಅವುಗಳಲ್ಲಿ 11 ಲಕ್ಷ ಭಾರತೀಯರವು. ಆಗ ಹೊಸದಾಗಿ ಸೇರುವ ಭಾರತೀಯ ಕಾಯಬೇಕಾದದ್ದು 134 ವರ್ಷ. ಬದುಕಿರುವಾಗ ಸರದಿ ಬರುವುದಿಲ್ಲ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾಗದು.

ಕಾಯುವುದೆಂದರೆ ಬರೀ ತಾಳ್ಮೆಯ ಪರೀಕ್ಷೆಯಾಗಿದ್ದರೆ ಹೇಗೋ ಸಹಿಸಬಹುದಿತ್ತು. ಕೆಲಸ ಹೋದರೆ 60 ದಿನದೊಳಗೆ ಇನ್ನೊಂದು ಕೆಲಸ ಹಿಡಿಯಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಕಂಪನಿ ಬದಲಿಸಬಹುದು, ಆದರೆ ಹೊಸ ಕಂಪನಿ ಗ್ರೀನ್ ಕಾರ್ಡಿನ ಕಾಗದಪತ್ರಗಳನ್ನು ಹೊಸದಾಗಿ ಸಲ್ಲಿಸಬೇಕು. ಊರಲ್ಲಿ ಹೆತ್ತವರಿಗೆ ಹುಷಾರಿಲ್ಲವೆಂದರೂ ಪಾಸ್‌ಪೋರ್ಟಿಗೆ ವೀಸಾ ‘ಸ್ಟ್ಯಾಂಪಿಂಗ್’ ಸಿಕ್ಕೀತೇ, ವಾಪಸು ಬರಲಾದೀತೇ ಎಂಬ ಲೆಕ್ಕ ಮೊದಲಾಗುತ್ತದೆ. ಭಾರತದಲ್ಲಿ ಹುಟ್ಟಿ, ಕೈಗೂಸಾಗಿ ಅಮೆರಿಕಕ್ಕೆ ಬಂದು, ಅಲ್ಲೇ ಓದಿ ಬೆಳೆದ ಮಕ್ಕಳಿಗೆ 21 ತುಂಬಿದೊಡನೆ ತಂದೆ ತಾಯಿಯ ಅರ್ಜಿಯಿಂದ ಅವರ ಹೆಸರು ಕಳಚಿಬೀಳುತ್ತದೆ. ಸಾವು ಕೂಡ ಈ ವ್ಯವಸ್ಥೆಯನ್ನು ಕರಗಿಸಲಾರದು. 2017ರ ಫೆಬ್ರುವರಿಯಲ್ಲಿ ಕ್ಯಾನ್ಸಸ್‌ನ ಒಲೇಥದಲ್ಲಿ ಜನಾಂಗ ದ್ವೇಷದ ಗುಂಡಿಗೆ ಎಂಜಿನಿಯರ್ ಶ್ರೀನಿವಾಸ್ ಕೂಚಿಭೋಟ್ಲ ಬಲಿಯಾದಾಗ, ಗಂಡನ ಜೊತೆಗೇ ಪತ್ನಿ ಸುನಯನಾ ದುಮಾಲ ಅವರ ವೀಸಾ ಸ್ಥಾನಮಾನವೂ ಹೋಯಿತು. ಸ್ಥಳೀಯ ಸಂಸದರ ನೆರವಿನಿಂದ ಅವರು ಅದನ್ನು ಮರಳಿ ಪಡೆಯಬೇಕಾಯಿತು. ಕೊಂದವನು ಶ್ರೀನಿವಾಸರನ್ನು ಇರಾನಿನವರೆಂದು ತಿಳಿದಿದ್ದ. ಯಾರ ವೀಸಾ ಯಾವುದು, ಯಾರು ಯಾವ ದೇಶದವರು ಎಂಬ ವ್ಯತ್ಯಾಸ ದ್ವೇಷಕ್ಕೆ ಕಾಣುವುದಿಲ್ಲ.

ಈ ಸಂಕಟದ ವಿರುದ್ಧ ನಮ್ಮವರು ಸುಮ್ಮನೇನೂ ಕೂತಿಲ್ಲ. 2007ರ ಜುಲೈ ತಿಂಗಳಿಗೆಂದು ಅಮೆರಿಕದ ವಿದೇಶಾಂಗ ಇಲಾಖೆ ಹೊರಡಿಸಿದ ವೀಸಾ ಬುಲೆಟಿನ್, ಉದ್ಯೋಗ ವರ್ಗದ ಬಹುತೇಕ ಎಲ್ಲರೂ ಅಂತಿಮ ಅರ್ಜಿ ಹಾಕಬಹುದು ಎಂದಿತ್ತು. ಜನ ವೈದ್ಯಕೀಯ ತಪಾಸಣೆ ಮಾಡಿಸಿಕೊಂಡರು, ವಕೀಲರಿಗೆ ದುಡ್ಡು ಕಟ್ಟಿದರು, ಊರಿಗೆ ಹೋಗಿದ್ದವರು ಓಡೋಡಿ ಬಂದರು. ಜುಲೈ 2ರಂದು ‘ವೀಸಾ ಮುಗಿದಿದೆ, ಅರ್ಜಿ ಬೇಡ’ ಎಂಬ ಪ್ರಕಟಣೆ ಬಂತು. ಆಗ ಇಮಿಗ್ರೇಶನ್ ವಾಯ್ಸ್ ಎಂಬ ಸಂಘಟನೆಯ ಸುತ್ತ ಸೇರಿದ್ದ ಭಾರತೀಯರು ‘ಲಗೇ ರಹೋ ಮುನ್ನಾಭಾಯಿ’ ಚಿತ್ರದ ಗಾಂಧಿಗಿರಿಯನ್ನು ನೆನೆದು, ವಲಸೆ ಇಲಾಖೆಯ ಮುಖ್ಯಸ್ಥ ಎಮಿಲಿಯೊ ಗೊನ್ಸಾಲೆಸ್ ಅವರ ವಾಷಿಂಗ್ಟನ್ ಕಚೇರಿಗೆ ಹೂಗುಚ್ಛಗಳ ರಾಶಿಯನ್ನೇ ಕಳುಹಿಸಿದರು. ಅವರು ಆ ಹೂಗಳನ್ನು ವಾಲ್ಟರ್ ರೀಡ್ ಮತ್ತು ಬೆಥೆಸ್ಡಾದ ಸೇನಾ ಆಸ್ಪತ್ರೆಗಳಲ್ಲಿದ್ದ ಗಾಯಾಳು ಸೈನಿಕರಿಗೆ ತಲುಪಿಸಿದರು. ಜುಲೈ 17ರಂದು ಸರ್ಕಾರ ಹಿಂದೆ ಸರಿದು, ಆಗಸ್ಟ್ 17ರವರೆಗೆ ಅರ್ಜಿ ಸ್ವೀಕರಿಸಿತು. ಹೂವಿನ ಕಥೆ ಎಲ್ಲರ ನೆನಪಿನಲ್ಲಿ ಉಳಿಯಿತು. ಅದೇ ಹದಿನೈದು ದಿನಗಳಲ್ಲಿ ವಲಸೆ ವಕೀಲರು ಮೊಕದ್ದಮೆಯ ಒತ್ತಡ ಹಾಕಿದ್ದು, ಸಂಸದೆ ಜೋ ಲಾಫ್‌ಗ್ರೆನ್ ಸಚಿವರಿಂದ ವಿವರಣೆ ಕೇಳಿದ್ದು ಅಷ್ಟಾಗಿ ನೆನಪಿಲ್ಲ. ಹೂವಿನ ಜೊತೆ ವಕೀಲರೂ ಸಂಸದೆಯೂ ನಿಂತಿದ್ದರಿಂದಲೇ ಕೆಲಸ ಕೈಗೂಡಿತು. ಸಿಕ್ಕಿದ್ದೇನು? ಅರ್ಜಿ ಹಾಕಿದವರಿಗೆ ಕೆಲಸದ ಪರವಾನಗಿ, ಓಡಾಟದ ಸ್ವಾತಂತ್ರ್ಯ. ಕಾನೂನಿನ 1,40,000 ಮತ್ತು ಶೇ. 7, ಎರಡೂ ಒಂದಿಂಚೂ ಅಲುಗಲಿಲ್ಲ.

ಅವನ್ನು ಅಲುಗಿಸುವ ಯತ್ನ ನಡೆದದ್ದು ಸಂಸತ್ತಿನಲ್ಲಿ. ದೇಶವಾರು ಮಿತಿಯನ್ನು ತೆಗೆದುಹಾಕುವ ಮಸೂದೆ 2019ರ ಜುಲೈ 10ರಂದು ಕೆಳಮನೆಯಲ್ಲಿ 365-65 ಮತಗಳಿಂದ ಗೆದ್ದಿತು. ಈ ಕಾಲದ ಅಮೆರಿಕದಲ್ಲಿ ವಲಸೆಯ ಬಗ್ಗೆ ಎರಡೂ ಪಕ್ಷಗಳು ಅಷ್ಟೊಂದು ಒಮ್ಮತ ತೋರಿದ್ದೇ ಅಪರೂಪ. ಆದರೂ ಸೆನೆಟ್ಟಿನಲ್ಲಿ ಅದು ಮುಗ್ಗರಿಸಿತು. ಗ್ರೀನ್ ಕಾರ್ಡುಗಳ ಒಟ್ಟು ಸಂಖ್ಯೆಯನ್ನು ಹೆಚ್ಚಿಸದೆ ಹಂಚಿಕೆಯನ್ನಷ್ಟೇ ಬದಲಿಸಿದರೆ ಭಾರತೀಯರ ಕಾಯುವಿಕೆ ತಗ್ಗುತ್ತದೆ, ಉಳಿದವರದು ಹೆಚ್ಚುತ್ತದೆ. ವಿದೇಶಿ ನರ್ಸ್‌ಗಳಿಗೆ ತೊಂದರೆಯಾದೀತೆಂದು ಸೆನೆಟರ್ ರ್‍ಯಾಂಡ್ ಪಾಲ್ ಅಡ್ಡ ನಿಂತರು. ಒಟ್ಟು ಸಂಖ್ಯೆಯೇ ಹೆಚ್ಚಬೇಕೆಂದು ಸೆನೆಟರ್ ಡಿಕ್ ಡರ್ಬಿನ್ ಪಟ್ಟು ಹಿಡಿದರು. ಇರಾನಿ ಅಮೆರಿಕನ್ ಸಂಘಟನೆಗಳು ತಮ್ಮವರಿಗೆ ಹೊಡೆತ ಬೀಳುತ್ತದೆಂದು ವಿರೋಧಿಸಿದವು. ಕಡೆಗೆ 2020ರ ಡಿಸೆಂಬರ್ 2ರಂದು ಮಾರ್ಪಟ್ಟ ರೂಪದಲ್ಲಿ ಸೆನೆಟ್ ಒಪ್ಪಿಗೆ ಕೊಟ್ಟಿತಾದರೂ ಎರಡು ಮನೆಗಳ ಪಠ್ಯ ಹೊಂದಿಕೆಯಾಗುವ ಮುನ್ನವೇ ಆ ಸಂಸತ್ತಿನ ಅವಧಿ ಮುಗಿಯಿತು. 2022ರ ಡಿಸೆಂಬರಿನಲ್ಲಿ ಅದೇ ಬಗೆಯ ಈಗಲ್ ಕಾಯಿದೆ ಕೆಳಮನೆಯಲ್ಲಿ ಮತಕ್ಕೆ ಬರುವ ಹೊತ್ತಿಗೆ ಹಿಂದೆ ಸರಿಯಿತು. ಒಂದು ಸಮುದಾಯದ ಲಾಭ ಇನ್ನೊಂದರ ನಷ್ಟವಾಗುವಂಥ ಬೇಡಿಕೆಗೆ ಇತರ ವಲಸಿಗರೇ ಎದುರಾಳಿಗಳಾಗುತ್ತಾರೆ ಎಂಬುದು ಇದರ ಪಾಠ. ಅದೇ 2013ರ ಸಮಗ್ರ ವಲಸೆ ಸುಧಾರಣಾ ಮಸೂದೆಯನ್ನು ನೋಡಿ: ಉದ್ಯೋಗ ವರ್ಗದ ದೇಶವಾರು ಮಿತಿಯನ್ನು ಅದು ಕಿತ್ತುಹಾಕುತ್ತಿತ್ತು, ಹೆಂಡತಿ ಮಕ್ಕಳನ್ನು ಲೆಕ್ಕದಿಂದ ಹೊರಗಿಡುತ್ತಿತ್ತು, ಜೊತೆಗೆ ಕಾಗದಪತ್ರವಿಲ್ಲದವರಿಗೂ ಪೌರತ್ವದ ದಾರಿ ತೋರಿಸುತ್ತಿತ್ತು. ಸೆನೆಟ್ಟಿನಲ್ಲಿ ಅದಕ್ಕೆ ಬಿದ್ದ ಮತ 68, ವಿರೋಧ 32. ಕಾರ್ಮಿಕ ಸಂಘಗಳು, ವ್ಯಾಪಾರಿಗಳ ಚೇಂಬರ್, ಚರ್ಚುಗಳು, ಲ್ಯಾಟಿನೊ ಸಂಘಟನೆಗಳು ಒಂದೇ ಕಡೆ ನಿಂತಿದ್ದವು. ಕೆಳಮನೆ ಅದನ್ನು ಕೈಗೆತ್ತಿಕೊಳ್ಳಲೇ ಇಲ್ಲ.

‘ಹಾಗಾದರೆ ಒಂಟಿ ದಾರಿಯೂ ಸೋತಿತು, ಒಕ್ಕೂಟದ ದಾರಿಯೂ ಸೋತಿತು, ಎರಡಕ್ಕೂ ಏನು ಅಂತರ?’ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಒಂದೇ ಮಸೂದೆಯಲ್ಲಿ ಎಲ್ಲವನ್ನೂ ತುಂಬುವ ತಂತ್ರ 2006, 2007, 2013ರಲ್ಲಿ ಮೂರು ಸಲ ಮುಳುಗಿದೆ. ಎಲ್ಲರ ಬೇಡಿಕೆ ಈಡೇರುವ ತನಕ ಯಾರದೂ ಈಡೇರಬಾರದು ಎಂಬ ಹಟ ತಪ್ಪು. ಆದರೆ 2013ರ ಮಸೂದೆಯಲ್ಲಿ ಒಟ್ಟು ಸಂಖ್ಯೆ ಬೆಳೆಯುತ್ತಿತ್ತು. ಭಾರತೀಯನಿಗೆ ಸಿಗಲಿದ್ದದ್ದು ಫಿಲಿಪ್ಪೀನ್ಸಿನ ನರ್ಸಿನ ಕೈಯಿಂದ ಕಿತ್ತದ್ದಾಗಿರಲಿಲ್ಲ. ಒಕ್ಕೂಟದ ನಿಜವಾದ ಬೆಲೆ ಇಲ್ಲಿದೆ: ಹಂಚಿಕೆಯ ಜಗಳವನ್ನು ಅದು ಪಾಲು ದೊಡ್ಡದು ಮಾಡುವ ಬೇಡಿಕೆಯಾಗಿ ತಿರುಗಿಸುತ್ತದೆ. ಮಸೂದೆ ಸಣ್ಣದಿರಲಿ ದೊಡ್ಡದಿರಲಿ, ಸಂಖ್ಯೆಯನ್ನು ಹೆಚ್ಚಿಸುವ ಪ್ರಶ್ನೆಗೆ ನಮ್ಮ ಮತಗಳಷ್ಟೇ ಸಾಲವು. ಲೌಡನ್ ಇರುವ ಕ್ಷೇತ್ರದಿಂದ 2024ರಲ್ಲಿ ಸುಹಾಸ್ ಸುಬ್ರಮಣ್ಯಂ ಗೆದ್ದಿದ್ದಾರೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಮಿಷಿಗನ್‌ನಿಂದ ಕೆಳಮನೆಯಲ್ಲಿದ್ದಾರೆ. ಹೆಮ್ಮೆಪಡೋಣ. ಆದರೆ 435 ಜನರ ಆ ಮನೆಯಲ್ಲಿ ಭಾರತೀಯ ಮೂಲದವರು ಬೆರಳೆಣಿಕೆಯಷ್ಟು. ಉಳಿದ ಮತಗಳು ಬೇರೆ ಸಮುದಾಯಗಳ ಪ್ರತಿನಿಧಿಗಳಿಂದಲೇ ಬರಬೇಕು.

ಇತಿಹಾಸ ಇದನ್ನೇ ಇನ್ನೂ ಗಟ್ಟಿಯಾಗಿ ಹೇಳುತ್ತದೆ. ಹುಟ್ಟಿನಿಂದ ಪೌರತ್ವ ಎಂಬ ಹಕ್ಕು 1898ರ ವಾಂಗ್ ಕಿಮ್ ಆರ್ಕ್ ತೀರ್ಪಿನಿಂದ ಭದ್ರವಾಯಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಅಡುಗೆಯವನೊಬ್ಬ, ಚೀನಾಕ್ಕೆ ಹೋಗಿ ಮರಳಿದಾಗ ಬಂದರಿನಲ್ಲೇ ತಡೆಯಲ್ಪಟ್ಟ. ಅವನ ಪರ ವಕೀಲರನ್ನಿಟ್ಟದ್ದು ‘ಸಿಕ್ಸ್ ಕಂಪನೀಸ್’ ಎಂದು ಹೆಸರಾದ ಚೀನೀ ಸಂಘ. ಅದು ಒಂದೊಂದು ಜಿಲ್ಲೆಯಿಂದ ಬಂದವರು ಕಟ್ಟಿಕೊಂಡಿದ್ದ ಊರಿನ ಸಂಘಗಳ ಕೂಟ. ಹಬ್ಬ, ಮದುವೆ, ಸಾವು, ನೋವಿಗೆ ಆಗುತ್ತಿದ್ದ ನಮ್ಮ ಕೂಟಗಳಂಥದ್ದೇ. ಆ ಸಂಘ ‘ನಮಗೇಕೆ ಕೋರ್ಟು ಕಚೇರಿ’ ಎಂದಿದ್ದರೆ ಇಂದು ಲಕ್ಷಾಂತರ ಭಾರತೀಯ ಮಕ್ಕಳ ಕೈಯಲ್ಲಿ ಅಮೆರಿಕದ ಪಾಸ್‌ಪೋರ್ಟ್ ಇರುತ್ತಿತ್ತೇ ಎಂಬುದು ಅನುಮಾನ. ಇದಕ್ಕೆ ಪ್ರತಿಯಾಗಿ ಭಗತ್ ಸಿಂಗ್ ತಿಂದ್ ಅವರ ಕಥೆಯಿದೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಈ ಪಂಜಾಬಿ, ಪೌರತ್ವಕ್ಕಾಗಿ ಹೂಡಿದ ವಾದ ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯರ ಪೈಕಿ ಎಂಬುದಾಗಿತ್ತು. ಬಿಳಿಯರಿಗಷ್ಟೇ ಪೌರತ್ವ ಎಂಬ ಅನ್ಯಾಯವನ್ನು ಅದು ಪ್ರಶ್ನಿಸಲಿಲ್ಲ, ಆ ಅನ್ಯಾಯದೊಳಗೆ ತನಗೊಂದು ಜಾಗ ಬೇಡಿತು. 1923ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಅದನ್ನು ತಳ್ಳಿಹಾಕಿತು. ಅದಾಗಲೇ ಪೌರರಾಗಿದ್ದ ಹಲವು ಭಾರತೀಯರೂ ಪೌರತ್ವ ಕಳೆದುಕೊಂಡರು. ‘ನಾವು ಅವರಂತಲ್ಲ’ ಎಂಬ ವಾದ ಸೋತಾಗ ಬೀಳುವ ಪೆಟ್ಟು ಎಂಥದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆ ಬಾಗಿಲು ಮತ್ತೆ ತೆರೆಯಲು ಇಪ್ಪತ್ತಮೂರು ವರ್ಷ ಬೇಕಾಯಿತು. ನ್ಯೂಯಾರ್ಕಿನ ವ್ಯಾಪಾರಿ ಜೆ.ಜೆ. ಸಿಂಗ್ ಮುನ್ನಡೆಸಿದ ಇಂಡಿಯಾ ಲೀಗ್, ರಿಪಬ್ಲಿಕನ್ ಪಕ್ಷದ ಕ್ಲೇರ್ ಬೂತ್ ಲೂಸ್ ಮತ್ತು ಡೆಮಾಕ್ರಾಟ್ ಪಕ್ಷದ ಇಮ್ಯಾನುಯಲ್ ಸೆಲ್ಲರ್ ಇಬ್ಬರನ್ನೂ ಜೊತೆಗೂಡಿಸಿತು. 1946ರ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದ ಲೂಸ್-ಸೆಲ್ಲರ್ ಕಾಯಿದೆ ಭಾರತೀಯರ ಜೊತೆಗೇ ಫಿಲಿಪ್ಪೀನ್ಸಿನವರಿಗೂ ಪೌರತ್ವದ ಹಕ್ಕು ಕೊಟ್ಟಿತು. ಆದರೆ ವರ್ಷಕ್ಕೆ ಬರಬಹುದಾಗಿದ್ದ ಭಾರತೀಯರ ಸಂಖ್ಯೆ ಬರೀ 100! ಕರ್ನಾಟಕದ ವೈದ್ಯರಿಗೆ, ಎಂಜಿನಿಯರುಗಳಿಗೆ ಅಮೆರಿಕದ ದಾರಿ ನಿಜಕ್ಕೂ ತೆರೆದದ್ದು 1965ರ ಅಕ್ಟೋಬರಿನಲ್ಲಿ, ಅದೇ ಸೆಲ್ಲರ್ ಅವರ ಹೆಸರಿರುವ ಹಾರ್ಟ್-ಸೆಲ್ಲರ್ ಕಾಯಿದೆಯಿಂದ. ಹುಟ್ಟಿದ ದೇಶ ನೋಡಿ ಮನುಷ್ಯರಿಗೆ ಬೆಲೆ ಕಟ್ಟಬಾರದೆಂಬ ಅದರ ತತ್ವಕ್ಕೆ ನೆಲ ಹದ ಮಾಡಿದ್ದು ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿ. 1964ರ ನಾಗರಿಕ ಹಕ್ಕು ಕಾಯಿದೆ, 1965ರ ಆಗಸ್ಟಿನ ಮತದಾನದ ಹಕ್ಕು ಕಾಯಿದೆ, ಅದರ ಬೆನ್ನಿಗೇ ವಲಸೆ ಕಾಯಿದೆ. ಅಟ್ಲಾಂಟಾದ ಆಲ್ಫರೆಟ್ಟಾ, ಜಾನ್ಸ್ ಕ್ರೀಕ್‌ಗಳಲ್ಲಿ ಮನೆ ಮಾಡಿರುವ, 2012ರಲ್ಲಿ ಅದೇ ಅಟ್ಲಾಂಟಾದಲ್ಲಿ ಅಕ್ಕ ವಿಶ್ವ ಕನ್ನಡ ಸಮ್ಮೇಳನ ನಡೆಸಿದ ಕನ್ನಡಿಗರು, ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ಊರಿನಲ್ಲಿ ಆ ಚಳವಳಿಯ ಫಲವನ್ನೇ ಉಣ್ಣುತ್ತಿದ್ದಾರೆ.

ಇನ್ನು ಎಲ್ಲಕ್ಕಿಂತ ಬಲವಾಗಿ ಕೇಳಿಬರುವ ಆಕ್ಷೇಪಕ್ಕೆ ಬರೋಣ. ‘ನಾವು ಕಾನೂನು ಪಾಲಿಸಿ ಬಂದವರು, ತೆರಿಗೆ ಕಟ್ಟಿ ಸಾಲಿನಲ್ಲಿ ನಿಂತವರು. ಬೇಲಿ ಹಾರಿ ಬಂದವರ ಜೊತೆ ನಮ್ಮನ್ನೇಕೆ ಕಟ್ಟುತ್ತೀರಿ?’ ಈ ಮಾತಿನ ಹಿಂದಿರುವ ನೋವು ಸುಳ್ಳಲ್ಲ. ಆದರೆ ಮಾತು ಎರಡು ಕಡೆ ಜಾರುತ್ತದೆ. ಪ್ಯೂ ಸಂಶೋಧನಾ ಕೇಂದ್ರದ ಅಂದಾಜಿನಂತೆ 2022ರಲ್ಲಿ ಅಮೆರಿಕದಲ್ಲಿ ಕಾಗದಪತ್ರವಿಲ್ಲದ ಭಾರತೀಯರ ಸಂಖ್ಯೆ ಸುಮಾರು 7,25,000. 2025ರ ಫೆಬ್ರುವರಿಯಲ್ಲಿ ಸೇನಾ ವಿಮಾನದಲ್ಲಿ ಅಮೃತಸರಕ್ಕೆ ಬಂದಿಳಿದ 104 ಜನರನ್ನು ಟೀವಿಯಲ್ಲಿ ಕಂಡ ಮೇಲೂ ‘ನಮ್ಮವರಲ್ಲಿ ಅಂಥವರಿಲ್ಲ’ ಎನ್ನುವುದು ಕಣ್ಣಿದ್ದೂ ಕಾಣದಿರುವುದು. ಎರಡನೆಯದಾಗಿ, ಕಾನೂನುಬದ್ಧತೆ ಎಂಬ ಗುರಾಣಿ ನಾವಂದುಕೊಂಡಷ್ಟು ಗಟ್ಟಿಯಲ್ಲ. 2017ರ ಜನವರಿಯ ಪ್ರಯಾಣ ನಿಷೇಧ ಮೊದಲ ದಿನಗಳಲ್ಲಿ ಗ್ರೀನ್ ಕಾರ್ಡ್ ಉಳ್ಳವರನ್ನೂ ಡಲ್ಲೆಸ್‌ನಲ್ಲಿ ತಡೆದು ಕೂರಿಸಿತು. ವರ್ಜೀನಿಯಾದ ಲೀಗಲ್ ಏಡ್ ಜಸ್ಟಿಸ್ ಸೆಂಟರ್, ಯೆಮೆನ್‌ನಿಂದ ಬಂದ ಇಬ್ಬರು ಸೋದರರ ಪರ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಧೀಶೆ ಲಿಯೋನಿ ಬ್ರಿಂಕೆಮಾ ಅದೇ ರಾತ್ರಿ ಆದೇಶ ಕೊಟ್ಟು, ಅಂಥವರಿಗೆ ವಕೀಲರ ಭೇಟಿ ಕಲ್ಪಿಸಬೇಕೆಂದರು. 2025ರ ಮಾರ್ಚಿನಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಭಾರತೀಯ ಸಂಶೋಧಕ ಬದರ್ ಖಾನ್ ಸೂರಿ ಅವರನ್ನು ಆರ್ಲಿಂಗ್ಟನ್ನಿನ ಮನೆಯ ಹೊರಗೆ ಹಿಡಿದೊಯ್ದರು. ವೀಸಾ ಇದ್ದೂ ಮೇ ತಿಂಗಳ ಮಧ್ಯದವರೆಗೆ ಬಂಧನದಲ್ಲಿರಬೇಕಾಯಿತು. ಏಪ್ರಿಲ್‌ನಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ದಾಖಲೆಯನ್ನು ಸರ್ಕಾರ ಏಕಾಏಕಿ ರದ್ದುಮಾಡಿದಾಗ, ಅಟ್ಲಾಂಟಾದ ಫೆಡರಲ್ ನ್ಯಾಯಾಲಯದಲ್ಲಿ 133 ವಿದ್ಯಾರ್ಥಿಗಳು ತಾತ್ಕಾಲಿಕ ರಕ್ಷಣೆ ಪಡೆದರು. ಸೆಪ್ಟೆಂಬರ್ 4ರಂದು ಜಾರ್ಜಿಯಾದ ಎಲಬೆಲ್‌ನ ಹ್ಯುಂಡೈ ಕಾರ್ಖಾನೆಯ ಆವರಣದಲ್ಲಿ 475 ಜನರನ್ನು ಬಂಧಿಸಿದರು. ಅವರಲ್ಲಿ ಮುನ್ನೂರಕ್ಕೂ ಹೆಚ್ಚು ಕೊರಿಯಾದವರು, ವೀಸಾ ಹಿಡಿದು ಬಂದ ತಂತ್ರಜ್ಞರೂ ಸೇರಿ. ಪ್ರತಿ ಸಲವೂ ನೆರವಿಗೆ ಓಡಿಬಂದದ್ದು ಹಕ್ಕುಗಳ ಸಂಘಟನೆಗಳೂ ವಕೀಲರೂ. ಬಡ ವಲಸಿಗರಿಗಾಗಿ ವರ್ಷಾನುಗಟ್ಟಲೆ ಕೋರ್ಟಿಗೆ ಅಲೆದು ಕೈ ಪಳಗಿದವರು.

ಎರಡನೆಯ ಆಕ್ಷೇಪ ಕರ್ನಾಟಕದವರ ಬಾಯಲ್ಲೇ ಬರುತ್ತದೆ. ‘ಕರ್ನಾಟಕದ ಉದ್ಯೋಗ ಕನ್ನಡಿಗರಿಗೆ ಎನ್ನುವ ನಾವು, ಅಮೆರಿಕದ ಉದ್ಯೋಗ ಅಮೆರಿಕನ್ನರಿಗೆ ಎಂದರೆ ಏಕೆ ಸಿಟ್ಟಾಗಬೇಕು?’ ಸರೋಜಿನಿ ಮಹಿಷಿ ವರದಿಯ ಕಾಲದಿಂದ ನಡೆದಿರುವ ಚರ್ಚೆಯಿದು. ಖಾಸಗಿ ಉದ್ಯಮದಲ್ಲಿ ಸ್ಥಳೀಯರಿಗೆ ಮೀಸಲಿಡುವ ಮಸೂದೆಯನ್ನು 2024ರ ಜುಲೈಯಲ್ಲಿ ಸಂಪುಟ ಒಪ್ಪಿ, ಎರಡೇ ದಿನದಲ್ಲಿ ತಡೆಹಿಡಿದದ್ದೂ ನೆನಪಿದೆ. ಯಾರನ್ನು ಎಷ್ಟು ಜನರನ್ನು ಒಳಗೆ ಬಿಟ್ಟುಕೊಳ್ಳಬೇಕು ಎಂಬುದನ್ನು ಅಮೆರಿಕದ ಜನರೇ ತೀರ್ಮಾನಿಸಬೇಕು, ಅದರಲ್ಲಿ ವಾದವಿಲ್ಲ. ಇಲ್ಲಿರುವ ಪ್ರಶ್ನೆ ಬೇರೆ: ಕರೆದು ಒಳಗಿಟ್ಟುಕೊಂಡವರನ್ನು ದಶಕಗಟ್ಟಲೆ ಅರ್ಧ ಹಕ್ಕಿನಲ್ಲಿ ಕೂರಿಸಿದರೆ ಸ್ಥಳೀಯನಿಗೇನು ಲಾಭ? ನಮ್ಮಲ್ಲೇ ನೋಡಿ: ಲಾಕ್‌ಡೌನಿನ ನಡುವೆ, 2020ರ ಮೇ ತಿಂಗಳಲ್ಲಿ, ಬಿಲ್ಡರುಗಳ ಜೊತೆಗಿನ ಸಭೆಯ ನಂತರ ಕರ್ನಾಟಕ ಸರ್ಕಾರ ವಲಸೆ ಕಾರ್ಮಿಕರನ್ನು ಊರಿಗೆ ಒಯ್ಯುವ ಶ್ರಮಿಕ್ ರೈಲುಗಳನ್ನು ನಿಲ್ಲಿಸಿತ್ತು, ಟೀಕೆ ಎದ್ದ ಮೇಲೆ ಮತ್ತೆ ಬಿಟ್ಟಿತು. ಬಿಟ್ಟುಹೋಗಲಾಗದ ಕೆಲಸಗಾರ ಹೆಚ್ಚು ಕೂಲಿ ಕೇಳಲಾರ. ಅವನು ಕೇಳದಿದ್ದರೆ ಪಕ್ಕದಲ್ಲಿ ದುಡಿಯುವ ಊರಿನವನ ಕೂಲಿಯೂ ಏರದು. ಬಿಹಾರದ ಮೇಸ್ತ್ರಿಗೂ ಎಚ್-1ಬಿ ಪ್ರೋಗ್ರಾಮರಿಗೂ ಒಂದೇ ಸೂತ್ರ. ಅಮೆರಿಕದ ಕಾರ್ಮಿಕ ಸಂಘಗಳಲ್ಲಿ ಕೆಲವಾದರೂ ಇದನ್ನು ಅರಿತಿವೆ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ 1,00,000 ಡಾಲರ್ ಶುಲ್ಕ ಹೇರಿದಾಗ ಕ್ಯಾಲಿಫೋರ್ನಿಯಾದ ಕೋರ್ಟಿಗೆ ಹೋದವರ ಪಟ್ಟಿಯಲ್ಲಿ ವಾಹನ ಕಾರ್ಮಿಕರ ಯುಎಡಬ್ಲ್ಯು ಸಂಘ, ಪ್ರಾಧ್ಯಾಪಕರ ಎಎಯುಪಿ ಸಂಘ, ನರ್ಸ್‌ಗಳನ್ನು ಕರೆತರುವ ಸಂಸ್ಥೆ, ಧಾರ್ಮಿಕ ಸಂಸ್ಥೆಗಳು ಒಟ್ಟಿಗಿದ್ದವು.

‘ಕನ್ನಡ ಕೂಟಗಳು ಭಾಷೆ, ಸಂಸ್ಕೃತಿಗೆಂದು ಇರುವವು, ರಾಜಕೀಯ ತಂದರೆ ಒಡೆಯುತ್ತವೆ’ ಎಂಬುದು ಮೂರನೆಯ ಆಕ್ಷೇಪ. ಕೂಟದಲ್ಲಿ ಎರಡೂ ಪಕ್ಷದವರಿದ್ದಾರೆ, ಆ ಎಚ್ಚರ ಬೇಕು. ತೆರಿಗೆ ವಿನಾಯಿತಿ ಪಡೆದ ಸಂಘ ಚುನಾವಣೆಯಲ್ಲಿ ಯಾವ ಅಭ್ಯರ್ಥಿಯ ಪರವೂ ನಿಲ್ಲುವಂತಿಲ್ಲ, ಅದು ಕಾನೂನು. ಆದರೆ ಮಸೂದೆಯೊಂದರ ಪರ ಮಿತಿಯೊಳಗೆ ದನಿ ಎತ್ತಲು, ಕಾನೂನು ತಿಳಿವಳಿಕೆಯ ಶಿಬಿರ ನಡೆಸಲು, ಮತದಾರರ ನೋಂದಣಿ ಮಾಡಿಸಲು ಅಡ್ಡಿಯಿಲ್ಲ. ವೀಸಾದಲ್ಲಿರುವವರಿಗೆ ಬೀದಿಗಿಳಿಯಲು ಭಯವಿದ್ದರೆ ಅದು ಸಹಜ. ಸೂರಿ ಪ್ರಕರಣದ ನಂತರ ಆ ಭಯವನ್ನು ಹೀಗಳೆಯುವಂತಿಲ್ಲ. ಆದ್ದರಿಂದಲೇ ಹೊಣೆ ಬೀಳುವುದು ಪೌರತ್ವ ಪಡೆದು ನೆಲೆಯಾದ ಹಿರಿಯ ತಲೆಮಾರಿನ ಮೇಲೆ. ಕೂಟದ ಪದಾಧಿಕಾರಿಗಳಾಗಿ, ದೇವಸ್ಥಾನದ ಟ್ರಸ್ಟಿಗಳಾಗಿ ಅವರೇ ಇರುವುದು. ಗ್ರೀನ್ ಕಾರ್ಡ್ ಸಿಕ್ಕೊಡನೆ ಹಿಂದಿನ ಸಾಲನ್ನು ಮರೆಯುವ ಚಾಳಿ ಬಿಟ್ಟರೆ ಅರ್ಧ ಕೆಲಸವಾದಂತೆ.

ಒಕ್ಕೂಟಗಳೂ ತಮ್ಮನ್ನು ತಿದ್ದಿಕೊಳ್ಳಬೇಕಾದದ್ದಿದೆ. ದೊಡ್ಡ ವಲಸೆ ಚಳವಳಿಗಳು ಬಹುಕಾಲ ಗ್ರೀನ್ ಕಾರ್ಡ್ ಸಾಲಿನವರನ್ನು ಹೊಟ್ಟೆ ತುಂಬಿದವರೆಂದು ಬದಿಗಿಟ್ಟವು. ಎಳೆವೆಯಲ್ಲಿ ಬಂದ ಮಕ್ಕಳಿಗೆ ರಕ್ಷಣೆ ಕೊಡುವ 2012ರ ‘ಡಾಕಾ’ ಯೋಜನೆ ಕಾಗದಪತ್ರವಿಲ್ಲದವರಿಗೆ ಮಾತ್ರ ಅನ್ವಯಿಸಿತು. ಕಾನೂನುಬದ್ಧವಾಗಿ ಬಂದು 21ಕ್ಕೆ ಸ್ಥಾನ ಕಳೆದುಕೊಳ್ಳುವ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಹೊರಗುಳಿದರು. ಅವರ ಪರ ‘ಇಂಪ್ರೂವ್ ದ ಡ್ರೀಮ್’ ಎಂಬ ಯುವಕರ ಸಂಘಟನೆಯನ್ನು ದೀಪ್ ಪಟೇಲ್ ಕಟ್ಟಿದರು. ಅದು ಡಾಕಾ ಮಕ್ಕಳನ್ನು ದೂಷಿಸಲಿಲ್ಲ, ಎರಡೂ ಬಗೆಯ ಮಕ್ಕಳ ಪಾಡು ಒಂದೇ ಎಂದು ವಾದಿಸಿತು. ಫಲವಾಗಿ 2021ರ ಮಾರ್ಚಿನಲ್ಲಿ ಕೆಳಮನೆ ಒಪ್ಪಿದ ಡ್ರೀಮ್ ಅಂಡ್ ಪ್ರಾಮಿಸ್ ಮಸೂದೆಯಲ್ಲಿ ಈ ಮಕ್ಕಳಿಗೂ ಜಾಗ ಸಿಕ್ಕಿತು. ಕನ್ನಡಿಗರು ಗಣನೀಯವಾಗಿರುವ ನಾರ್ತ್ ಕ್ಯಾರೊಲೈನಾದ ರಾಲಿ ಭಾಗದ ಸಂಸದೆ ಡೆಬೊರಾ ರಾಸ್ ಇದೇ ಮಕ್ಕಳಿಗಾಗಿ ತಂದ ತಿದ್ದುಪಡಿಯನ್ನು 2022ರ ಜುಲೈಯಲ್ಲಿ ಕೆಳಮನೆ ರಕ್ಷಣಾ ಮಸೂದೆಯ ಜೊತೆ ಸೇರಿಸಿತು. ಅಂತಿಮ ಕಾಯಿದೆಯಲ್ಲಿ ಅದು ಉಳಿಯಲಿಲ್ಲ, ನಿಜ. ಆದರೆ ಹತ್ತು ವರ್ಷಗಳ ಹಿಂದೆ ಹೆಸರೇ ಇಲ್ಲದಿದ್ದ ಮಕ್ಕಳ ಗುಂಪಿಗೆ ಎರಡೂ ಪಕ್ಷಗಳಲ್ಲಿ ಬೆಂಬಲಿಗರು ಹುಟ್ಟಿದ್ದು ಹೀಗೆಯೇ.

ಹಾಗಾದರೆ ಮಾಡಬೇಕಾದದ್ದೇನು? ವರ್ಜೀನಿಯಾದಲ್ಲಿ ವಲಸಿಗರ ಹಕ್ಕಿನ ರಾಜ್ಯ ಮಟ್ಟದ ಒಕ್ಕೂಟವಿದೆ. ಅಟ್ಲಾಂಟಾದಲ್ಲಿ 2010ರಿಂದ ಏಷ್ಯನ್ ಅಮೆರಿಕನ್ನರ ಕಾನೂನು ನೆರವಿನ ಸಂಸ್ಥೆಯಿದೆ. ಕನ್ನಡ ಕೂಟಗಳು ಇಂಥವುಗಳ ಸಭೆಗೆ ಒಬ್ಬ ಪ್ರತಿನಿಧಿಯನ್ನು ಕಳುಹಿಸಲಿ, ವರ್ಷಕ್ಕೊಂದು ಕಾನೂನು ಶಿಬಿರಕ್ಕೆ ಸಭಾಂಗಣ ಬಿಟ್ಟುಕೊಡಲಿ, ಸಮ್ಮೇಳನದ ಖರ್ಚಿನಲ್ಲಿ ಒಂದು ಪಾಲನ್ನು ಮೊಕದ್ದಮೆಯ ನಿಧಿಗೆ ಎತ್ತಿಡಲಿ. ಸಂಸದರ ಮುಂದೆ ಹೋದಾಗ ದೇಶವಾರು ಮಿತಿಯ ಜೊತೆಗೆ ಒಟ್ಟು ಸಂಖ್ಯೆ ಹೆಚ್ಚಿಸುವ ಬೇಡಿಕೆಯನ್ನೂ ಇಡಲಿ. ಆಗ ಫಿಲಿಪ್ಪೀನ್ಸಿನ ನರ್ಸೂ ಇರಾನಿನ ವಿಜ್ಞಾನಿಯೂ ಎದುರಾಳಿಗಳಾಗುವ ಬದಲು ಜೊತೆಗಾರರಾಗುತ್ತಾರೆ. ದಿನಗೂಲಿಯವರ ಎಲ್ಲ ಬೇಡಿಕೆಗಳನ್ನೂ ಒಪ್ಪಬೇಕೆಂದಿಲ್ಲ. ವಿಚಾರಣೆಯಿಲ್ಲದೆ ಯಾರನ್ನೂ ಹಿಡಿದಿಡಬಾರದು, ಹೆತ್ತವರ ವೀಸಾ ನೋಡಿ ಮಗುವಿನ ಪೌರತ್ವ ಕಸಿಯಬಾರದು ಎಂಬ ಎರಡು ಮಾತಿಗೆ ಒಪ್ಪಿದರೂ ಜೊತೆಗೂಡಲು ಸಾಕಷ್ಟು ನೆಲವಿದೆ. ಚೀನೀ ಊರಿನ ಸಂಘಗಳು ಹಣ ಕೂಡಿಸಿ ಹೋರಾಡಿದ ಮೊಕದ್ದಮೆಯ ಫಲವನ್ನು ಕನ್ನಡಿಗರು ಹಲವು ದಶಕಗಳ ನಂತರ ಪಡೆದರು. ಕಾಸಾ ಹೂಡಿದ ಮೊಕದ್ದಮೆಯ ಫಲವನ್ನು ಅದೇ ವರ್ಷ ಪಡೆದರು. ಆ ಲೆಕ್ಕದಲ್ಲಿ ನಮ್ಮ ಕಡೆಯ ಜಮೆ ಇನ್ನೂ ಖಾಲಿಯಿದೆ. ಅದನ್ನು ತುಂಬುವುದು ದಾನದ ಮಾತಲ್ಲ, ಸ್ವಂತ ಮಕ್ಕಳ ನಾಳೆಯ ಮೇಲಿನ ಹೂಡಿಕೆ.